ಎಲೆ ಹುಟ್ಟುವ ಮೊದಲಿನ ಕಲ್ಲು

ಭೀಮರಾಯನಗುಡಿ ದಾಟಿದ ಮೇಲೆ ಬಸ್ಸು ನಿಂತಿತು. ಮುಂದೆ ರಸ್ತೆ ಅಗಲ ಮಾಡಲು ಬಂಡೆ ಸಿಡಿಸುತ್ತಿದ್ದರು. ಮದ್ದಿನ ವಾಸನೆ ಬಂತು. ಕಿಟಕಿ ಮುಚ್ಚಿದರೂ ಹೋಗಲಿಲ್ಲ... ಆ ವಾಸನೆಗೆ ನನಗೆ ನೆನಪಾಗುವುದು ಒಬ್ಬರೇ. ಸುರಪುರದ ಕಾಲೇಜಿನಲ್ಲಿ ನಮಗೆ ಸಸ್ಯಶಾಸ್ತ್ರ ಕಲಿಸಿದ ಮೇಡಂ.

ಅವರು ಗಿಡದ ಪಾಠವನ್ನು ಗಿಡದಿಂದ ಶುರುಮಾಡಲಿಲ್ಲ. ನಮ್ಮನ್ನು ಶಹಾಪುರದ ಕಡೆಯ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಒಂದು ಖಣಿಗೆ ಕರೆದೊಯ್ದರು. ಖಣಿಯ ಅಂಚಿನಲ್ಲಿ ಯಾರಿಗೂ ಬೇಡವಾದ ಒಂದು ದಿಬ್ಬವಿತ್ತು. ಅದರ ಮೆತ್ತನೆಯ ಕಲ್ಲು ಪದರಪದರವಾಗಿ ಬಿಚ್ಚಿಕೊಳ್ಳುತ್ತಿತ್ತು. ಮೇಡಂ ಚಾಕು ಸಿಕ್ಕಿಸಿ ಒಂದು ಪದರ ಎಬ್ಬಿಸಿದರು. ಒಳಗೆ ಬೆರಳುದ್ದದ ಕಪ್ಪು ಪಟ್ಟಿ, ಅದರ ಒಂದು ತುದಿಯಲ್ಲಿ ಸಣ್ಣ ಗಂಟು.

"ಇದು ಸಮುದ್ರದ ಪಾಚಿ. ಇದು ಬದುಕಿದ್ದಾಗ ನೆಲದ ಮ್ಯಾಲ ಒಂದು ಎಲಿ ಇದ್ದಿಲ್ಲ, ಬೇರು ಇದ್ದಿಲ್ಲ," ಎಂದರು. "ಈ ಗಂಟು ನೋಡ್ರಿ. ಕಲ್ಲು ಹಿಡ್ಕೊಳ್ಳಾಕ ಒಂದು ತುದಿ, ಬೆಳಕು ಉಣ್ಣಾಕ ಇನ್ನೊಂದು. ಮೈ ಕೆಲಸ ಹಂಚ್ಕೊಳ್ಳಾಕತ್ತದ. ಇಂಥಾ ಪಾಚಿಯೊಳಗ ಯಾವುದೋ ಒಂದು ಮುಂದ ನೀರು ಬಿಟ್ಟು ದಂಡಿ ಹತ್ತಿ ಗಿಡ ಆತು."

ತಜ್ಞರು ಬಂದು ನೋಡುವವರೆಗೆ ದಿಬ್ಬ ಒಡೆಯಬೇಡಿ ಎಂದು ಅವರು ಖಣಿಯ ಗುತ್ತಿಗೆದಾರನನ್ನು ಕೇಳಿಕೊಂಡರು. ಅವನಿಗೆ ಕೇಳಿಸಿದ್ದು ಒಂದೇ, ಖಣಿ ಬಂದ್ ಆಗುತ್ತದೆ ಎಂದು. ಮುಂದಿನ ಸಲ ನಾವು ಹೋದಾಗ ಅವನ ಜನ ಕಾಯುತ್ತಿದ್ದರು. ನಾವು ಅಲ್ಲೇ ಆರಿಸಿಟ್ಟಿದ್ದ ಪಾಚಿಯ ಕಲ್ಲುಗಳನ್ನೆಲ್ಲ ಸುತ್ತಿಗೆಯಿಂದ ಜಜ್ಜತೊಡಗಿದರು. ಮೇಡಂ ಓಡಿಹೋಗಿ ಒಂದರ ಮೇಲೆ ಅಂಗೈ ಊರಿದರು.

"ಕೈ ತಗೀ!" ಎಂದು ಒಬ್ಬ ಒದರಿದ.

ಅವರು ತೆಗೆಯಲಿಲ್ಲ. ಸುತ್ತಿಗೆ ಇಳಿಯಿತು. ಎಲುಬು ಮುರಿಯಿತೋ ಕಲ್ಲು ಒಡೆಯಿತೋ, ಕೇಳಿಸಿದ್ದು ಒಂದೇ ಸದ್ದು... ಕೆಳಗೆ ಬಿದ್ದವರ ಹೊಟ್ಟೆಗೆ ಇನ್ನೊಬ್ಬ ಒದ್ದ. ಬಿಡಿಸಲು ಹೋದ ನನ್ನ ಗೆಳೆಯನ ತಲೆ ಒಡೆಯಿತು.

ಪೊಲೀಸ್ ಕೇಸಾಯಿತು. ಕೆಲವು ದಿನಗಳಲ್ಲಿ ಗುತ್ತಿಗೆದಾರ ಹಿರಿಯರನ್ನು ಕರೆದುಕೊಂಡು ಮೇಡಂ ಮನೆಗೇ ಬಂದ. "ಆಗಿದ್ದು ಆಗೇದ. ರಾಜಿ ಮಾಡ್ಕೋರಿ ಮೇಡಂ," ಎಂದರು ಹಿರಿಯರು.

"ನನ್ನ ಕೈ ಹೋದ್ರ ಹೋಗ್ಲಿ. ಆ ದಿನ್ನಿ ಮುಟ್ಟಬ್ಯಾಡ್ರಿ."

"ನನ್ನ ಮಕ್ಕಳ ಆಣಿ, ಮುಟ್ಟಂಗಿಲ್ರಿ," ಎಂದ ಗುತ್ತಿಗೆದಾರ.

ಮೇಡಂ ನಂಬಿದರು. ರಾಜಿಗೆ ಸಹಿ ಹಾಕಿದರು. ಕೈಯ ಪ್ಲಾಸ್ಟರ್ ಬಿಚ್ಚುವ ಮೊದಲೇ ದಿಬ್ಬಕ್ಕೆ ಮದ್ದಿಟ್ಟ ಸುದ್ದಿ ಬಂತು. ನಾವು ಹೋಗಿ ಮುಟ್ಟುವಷ್ಟರಲ್ಲಿ ಅಲ್ಲಿ ಹೊಗೆ ಮಾತ್ರ ಇತ್ತು. ಗುತ್ತಿಗೆದಾರ ಮೋಟಾರ್‌ಸೈಕಲ್ಲಿಗೆ ಒರಗಿ ನಿಂತಿದ್ದ. ಮೇಡಂ ನೆಟ್ಟಗೆ ಹೋಗಿ ಎಡಗೈಯಿಂದ ಅವನ ಮುಖಕ್ಕೆ ಬಾರಿಸಿದರು. ತುಟಿ ಒಡೆದು ರಕ್ತ ಬಂತು. ಅವರು ಮತ್ತೆ ಬಾರಿಸಿದರು. ಯಾರ ಮೇಲೂ ದನಿ ಎತ್ತದಿದ್ದವರು, ಮುಷ್ಟಿ ಕಟ್ಟಿ, ಹಲ್ಲು ಕಚ್ಚಿ ಹೊಡೆಯುತ್ತಲೇ ಇದ್ದರು... ಅವನ ಜನ ಹಾರೆ ಹಿಡಿದು ನುಗ್ಗಿದರು. ಕಲ್ಲು ಹೊರುವ ಹೆಂಗಸರು ಬುಟ್ಟಿ ಎಸೆದು ನಡುವೆ ಬಂದು ನಿಂತರು.

"ಅಕಿನ್ನ ಎಷ್ಟ್ ಸಲ ಕೊಲ್ತೀರಲೇ? ಮುಂದ ಬಂದ್ ನೋಡ್ರಿ!" ಎಂದು ಅವರಲ್ಲೊಬ್ಬಳು ಕೈಯಲ್ಲಿದ್ದ ಕಲ್ಲು ಎತ್ತಿದಳು. ಗಂಡಸರು ಹಿಂದೆ ಸರಿದರು.

ಸಂಜೆಯವರೆಗೂ ಮೇಡಂ ಒಂದೇ ಕೈಯಲ್ಲಿ ಆ ಚೂರುಗಳನ್ನು ಕೆದಕಿದರು. ಗುರುತಿಸುವಂಥ ಒಂದು ಪಟ್ಟಿಯೂ ಸಿಗಲಿಲ್ಲ. "ಸಮುದ್ರ ಹೋದ್ರೂ ಉಳ್ದಿತ್ತು..." ಎಂದಷ್ಟೇ ಹೇಳಿ ಎದ್ದರು.

ಆ ವರ್ಷವೇ ಅವರು ಬೇರೆ ಊರಿಗೆ ಹೋದರು. ಸೊಟ್ಟಗಾದ ಕೈ ಕೊನೆಗೂ ನೆಟ್ಟಗಾಗಲಿಲ್ಲವಂತೆ. ಹೋದ ಬೇಸಿಗೆಯಲ್ಲಿ ತೀರಿಕೊಂಡರು. ನನಗೆ ತಿಳಿದದ್ದು ಮಣ್ಣಾದ ಮೇಲೆ.

ಈಗ ದೇವಾಪುರದಲ್ಲಿ ಅದೇ ಪಾಠ ನಾನು ಮಾಡುತ್ತೇನೆ. ಆ ಖಣಿಯ ಗುಂಡಿಯಲ್ಲಿ ನೀರು ನಿಂತಿದೆ. "ಆ ಪಾಚಿ ಕಲ್ಲು ತೋರಸ್ರಿ ಸರ್," ಎನ್ನುತ್ತಾರೆ ಮಕ್ಕಳು. ತೋರಿಸಲು ಏನೂ ಇಲ್ಲ. ಬೋರ್ಡಿನ ಮೇಲೆ ಒಂದು ಪಟ್ಟಿ, ತುದಿಗೊಂದು ಗಂಟು ಬರೆಯುತ್ತೇನೆ. ಅದು ಕಪ್ಪಗಿತ್ತು ಎನ್ನುತ್ತೇನೆ. ಸೀಮೆಸುಣ್ಣದಲ್ಲಿ ಅದು ಬೆಳ್ಳಗೇ ಮೂಡುತ್ತದೆ.