ಕಂಪನಿ ಫಿಟ್ಟಿಂಗ್ ಕಾಂತರಾಜ್

ನಮ್ಮ ಕಡೆ ಹಳೆ ಗಾಡಿ ಕೊಳ್ಳುವವರು ಮೊದಲು ಕೇಳುವ ಮಾತು, "ಇದು ಕಂಪನಿ ಫಿಟ್ಟಿಂಗಾ?" ಕಾರ್ಖಾನೆಯಿಂದಲೇ ಬಂದದ್ದು ಕಂಪನಿ ಫಿಟ್ಟಿಂಗ್, ಆಮೇಲೆ ಅಂಗಡಿಯಲ್ಲಿ ಹಾಕಿಸಿದ್ದು ಹೊರಗಿನ ಫಿಟ್ಟಿಂಗ್. ಎಲ್ಲರೂ ಒಂದು ಸಲ ಕೇಳಿ ಸುಮ್ಮನಾಗುತ್ತಾರೆ. ನಮ್ಮ ಅಕ್ಕನ ಗಂಡ ಕಾಂತರಾಜ್ ಮಾತ್ರ ಜೀವಮಾನವಿಡೀ ಅದನ್ನೇ ಕೇಳುತ್ತಾ ಬಂದವರು.

ಕ್ಯಾಲನೂರಿನ ಹಾಲಿನ ಡೇರಿಯಲ್ಲಿ ಅವರು ಕಾರ್ಯದರ್ಶಿ. ಬೆಳಗಾದರೆ ಊರವರ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸಿ, ನೀರು ಬೆರೆಸಿದ್ದೀರೇನು ಎಂಬಂತೆ ಮುಖ ನೋಡುವುದು ಅವರ ಕೆಲಸ. ಡೇರಿ ಬಾಗಿಲು ಹಾಕಿದ ಮೇಲೂ ಆ ನೋಟ ಹೋಗುವುದಿಲ್ಲ. ಪಕ್ಕದ ಮನೆಯ ಭಾರತಮ್ಮ ಮಿಕ್ಸಿ ತಂದರೆ, ಜಾರು ಕಂಪನಿ ಫಿಟ್ಟಿಂಗಾ ಎಂದರು. ದೊಡ್ಡಮುನಿಯಪ್ಪನವರು ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಬಂದು ನಕ್ಕರೆ, ಊರೆಲ್ಲ ಚೆನ್ನಾಗಿದೆ ಅಂದಿತು. ಇವರು "ಹೊರಗಿನ ಫಿಟ್ಟಿಂಗು" ಅಂದರು. ಅಂದಿನಿಂದ ಆ ಹಿರಿಯರು ಇವರೆದುರು ನಗುವುದನ್ನೇ ಬಿಟ್ಟರು. ಅಷ್ಟೇಕೆ, ನಮ್ಮಕ್ಕ ಗಂಗಾಲಕ್ಷ್ಮಿಯನ್ನು ನೋಡಲು ಮಾಸ್ತಿಗೆ ಬಂದ ದಿನ, ಕಾಫಿ ಲೋಟ ಹಿಡಿದುಕೊಂಡೇ ಅವಳ ಉದ್ದ ಜಡೆಯನ್ನು ನೋಡಿ, "ಕಂಪನಿ ಫಿಟ್ಟಿಂಗಾ, ಚೌರಿನಾ?" ಎಂದಿದ್ದರು.

"ಕಂಪನಿ ಫಿಟ್ಟಿಂಗೇ. ನೀವು ಕಟ್ಕೊಂಡಿರೋ ವಾಚು ನಿಮ್ದೇನಾ?" ಎಂದು ಅಕ್ಕ ತಿರುಗಿಸಿ ಕೇಳಿದಳು. ವಾಚು ಅವರ ಅಣ್ಣನದು. ಅಲ್ಲಿಗೆ ಮದುವೆ ಗೊತ್ತಾಯಿತು ಅನ್ನಿ.

ಇಂಥ ಮನುಷ್ಯನಿಗೆ ಹರೆಯದಿಂದಲೂ ಒಂದು ಹುಚ್ಚು: ಸ್ಪೋರ್ಟ್ಸ್ ಕಾರು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ನಮ್ಮೂರ ರಸ್ತೆಯ ಹಂಪುಗಳನ್ನು ಅದು ಹತ್ತುವುದು ಹೇಗೆ ಎಂದರೆ, "ಪಕ್ಕದಲ್ಲಿ ಇಳಿಸ್ಕೊಂಡ್ ಹೋಗ್ತೀನಿ ಕಣೋ" ಎನ್ನುತ್ತಿದ್ದರು. ಹೆದ್ದಾರಿಗೆ ರಾಗಿ ಹೊಲ ಹೋಗಿ ಪರಿಹಾರ ಬಂದಾಗ ಆ ಹುಚ್ಚಿಗೆ ರೆಕ್ಕೆ ಬಂತು. ಹೊಸದು ಕೈಗೆಟುಕದು, ಹಳೆಯದಾದರೆ ಸಿಗುತ್ತದೆ. ಮಾಲೂರಿನಲ್ಲಿ ನೋಡಿದ ಗಾಡಿಯ ಸೀಟಿನ ಚರ್ಮ ಆಮೇಲೆ ಹೊಲಿಸಿದ್ದು, ಬೇಡ. ಶ್ರೀನಿವಾಸಪುರದಲ್ಲಿ ಮಾವಿನ ವ್ಯಾಪಾರಿಯೊಬ್ಬರ ಗಾಡಿಯ ಚಕ್ರ ಬೇರೆ ಕಂಪನಿಯದು, ಅದೂ ಬೇಡ. ಪ್ರತಿ ಸಲವೂ ಕೆಲಸ ಬಿಟ್ಟು ಇವರನ್ನು ಕರೆದುಕೊಂಡು ಹೋಗಿ ಪೆಟ್ರೋಲು ಸುಟ್ಟವನು ನಾನು. ಕೊನೆಗೆ ಅಕ್ಕನೇ ತೀರ್ಪು ಕೊಟ್ಟಳು.

"ಇದೊಂದೇ ಕೊನೆ ನೋಡ್ರೀ. ಹಿಡಿಸಿದ್ರೆ ತಗೊಂಡ್ ಬನ್ನಿ, ನಾನು ಬೇಡ ಅನ್ನಲ್ಲ. ಇದ್ರಲ್ಲೂ ಹುಳುಕು ಹುಡುಕಿ ವಾಪಸ್ ಬಂದ್ರೆ, ಆ ದುಡ್ಡಲ್ಲಿ ಹಸು ಕಟ್ತೀನಿ. ಆಮೇಲೆ ಈ ಮನೇಲಿ ಕಾರಿನ ಮಾತು ಎತ್ತಂಗಿಲ್ಲ."

ಅಕ್ಕ ಒಂದು ಮಾತು ಹೇಳಿದರೆ ಮುಗಿಯಿತು. ಭಾವನಿಗೂ ಅದು ಗೊತ್ತು. ಆ ಕೊನೆಯ ಗಾಡಿ ನೋಡಲು ಇಬ್ಬರೂ ಮುಳಬಾಗಿಲಿಗೆ ಹೊರಟೆವು.

ಗಾಡಿ ಇದ್ದದ್ದು ಟೊಮ್ಯಾಟೊ ಮಂಡಿ ಚಂದ್ರಮೋಹನ್ ಅವರ ಮನೆಯಲ್ಲಿ. ಟೊಮ್ಯಾಟೊಗೆ ಚಿನ್ನದ ಬೆಲೆ ಬಂದ ವರ್ಷ ಬೆಂಗಳೂರಿನ ಡಾಕ್ಟರೊಬ್ಬರಿಂದ ಕೊಂಡದ್ದಂತೆ. ಆಮೇಲಿಂದ ಖಾಲಿ ಕ್ರೇಟುಗಳ ಪಕ್ಕ ಟಾರ್ಪಾಲು ಹೊದ್ದು ನಿಂತಿತ್ತು. ಟಾರ್ಪಾಲು ತೆಗೆದರು. ಕೆಂಪು! ಭಾವ ಉಗುಳು ನುಂಗಿದ್ದು ನನಗೂ ಕೇಳಿಸಿತು. ಆದರೂ ಬಿಡುತ್ತಾರೆಯೇ? ಅಂಗಾತ ಮಲಗಿ ಅಡಿ ನೋಡಿದರು, ಸೀಟಿನ ಹೊಲಿಗೆಗೆ ಉಗುರು ಹಾಕಿದರು, ಚಕ್ರದ ಸಂದಿಯಲ್ಲಿ ಕಾಣುವ ಬ್ರೇಕಿನ ಹಳದಿ ಬಣ್ಣ ಕೆರೆದು ಮೂಸಿದರು.

"ಇದೆಲ್ಲಾ ಕಂಪನಿ ಫಿಟ್ಟಿಂಗಾ ಸಾರ್?"

ಚಂದ್ರಮೋಹನ್ ಬೇಸರಪಡದೆ ಬೆಂಗಳೂರಿನ ಷೋರೂಮಿನ ರಜನಿ ಎಂಬುವರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಚಾಸಿ ನಂಬರ್ ಹೇಳಿದರೆ ಸಾಕು, ಆ ಗಾಡಿಗೆ ಕಾರ್ಖಾನೆಯಲ್ಲಿ ಏನೇನು ಹಾಕಿಸಿದ್ದರು ಎಂದು ಆಕೆ ಹೇಳುತ್ತಾರೆ. ಸೀಟು? ಕಂಪನಿಯದೇ. ಬ್ರೇಕು? ಕಂಪನಿಯದೇ. ಸೈಲೆನ್ಸರು? ಅದೂ ಕಂಪನಿಯದೇ. ಭಾವನ ಮುಖ ಅರಳಿತು, ಜೊತೆಗೆ ಒಂದು ಚೂರು ನಿರಾಸೆಯೂ ಕಂಡಿತು. ತಪ್ಪು ಸಿಗದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ.

"ಸ್ಟೆಪ್ನಿ ಎಲ್ಲಿ? ಯಾರೋ ಹೊಡ್ಕೊಂಡಿದಾರೆ!" ಎಂದರು.

"ಸರ್, ಆ ಗಾಡಿಗೆ ಸ್ಟೆಪ್ನಿ ಬರೋದೇ ಇಲ್ಲ. ಪಂಕ್ಚರ್ ಆದ್ರೆ ತುಂಬಕ್ಕೆ ಒಂದು ಬಾಟ್ಲಿ ಅಂಟು, ಒಂದು ಪಂಪು ಕೊಡ್ತಾರೆ" ಎಂದರು ರಜನಿ.

"ಇಷ್ಟು ದುಡ್ಡಿಗೆ ಅಂಟಾ?" ಭಾವ ಕಂಗಾಲಾದರು. ಅಂಟು ಕಂಪನಿಯದೇ ಎಂದು ಖಾತ್ರಿಯಾದ ಮೇಲೆ ಹೇಗೋ ಸಹಿಸಿಕೊಂಡರು. ಆದರೆ ಗಾಡಿಯ ಹಿಂದಕ್ಕೆ ಹೋದವರು ಅಲ್ಲೇ ನಿಂತುಬಿಟ್ಟರು. ಹಿಂಭಾಗ ನುಣ್ಣಗಿತ್ತು. ಕಂಪನಿಯ ಹೆಸರಿಲ್ಲ, ಮಾಡೆಲ್ಲಿನ ಹೆಸರಿಲ್ಲ. ಮುಂದೆ ಕಾಸಗಲದ ಒಂದು ಗುರುತು ಇತ್ತು, ನಮ್ಮ ಕಡೆ ಅದು ಯಾರಿಗೂ ತಿಳಿಯುವಂಥದ್ದಲ್ಲ.

"ಸಿಕ್ಕಿಬಿದ್ರು ನೋಡು! ಹಿಂದ್ಗಡೆ ಗುದ್ದಿಸಿ ಪೇಂಟ್ ಹೊಡ್ಸಿದಾರೆ, ಅಕ್ಷರ ಹಾಕೋದು ಮರ್ತಿದಾರೆ."

"ಇಲ್ಲ ಸರ್, ಮೊದಲನೇ ಓನರ್ ಹೆಸರು ಬೇಡ ಅಂತಾನೇ ಆರ್ಡರ್ ಕೊಟ್ಟಿದಾರೆ. ಅದೂ ಒಂದು ಆಪ್ಷನ್ನು. ಕಾರ್ಖಾನೇಲೇ ಹಾಕಿಲ್ಲ."

"ಇಲ್ಲದೇ ಇರೋದೂ ಕಂಪನಿ ಫಿಟ್ಟಿಂಗಾ?"

"ಹೌದು ಸರ್."

ದೊಡ್ಡವರಿಗೆ ಹೆಸರು ಅಳಿಸುವ ಚಪಲ. ನಮ್ಮವರಿಗೋ ಮೊಪೆಡ್ಡಿನ ಮಡ್‌ಗಾರ್ಡಿನ ಮೇಲೂ ಮನೆದೇವರು, ಮಕ್ಕಳು, ಜಾತಿ ಎಲ್ಲದರ ಹೆಸರನ್ನೂ ಬರೆಸುವ ಚಪಲ. ಭಾವ ಬಹಳ ಹೊತ್ತು ಗಡ್ಡ ಕೆರೆದುಕೊಂಡು, ಚಂದ್ರಮೋಹನ್ ಹತ್ತಿರ ಹೋಗಿ ದನಿ ತಗ್ಗಿಸಿದರು.

"ಸಾರ್, ಒಂದು ಹೆಸರು ಅಂಟಿಸ್ಕೊಟ್ಬಿಡಿ. ತಗೊಂಡ್ ಹೋಗ್ತೀನಿ."

"ಅದಕ್ಕೇನ್ರೀ, ಇವತ್ತೇ ಅಂಟಿಸ್ತೀನಿ. ಆದ್ರೆ ಅದು ಹೊರಗಿನ ಫಿಟ್ಟಿಂಗ್ ಆಗುತ್ತೆ, ನಿಮಗೆ ನಡೆಯುತ್ತಾ?"

ಅವರು ವ್ಯಂಗ್ಯಕ್ಕೆ ಹೇಳಿದ್ದಲ್ಲ, ಪಾಪ, ನಿಜವಾಗಿಯೇ ಕೇಳಿದ್ದು. ನಾನು ಮಾತ್ರ ಕ್ರೇಟುಗಳ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕು ಬಂದೆ. ಭಾವ ಮತ್ತೆ ಗಾಡಿಯ ಹಿಂದಕ್ಕೆ ಹೋಗಿ ಹೆಸರಿಲ್ಲದ ಜಾಗವನ್ನು ಸವರುತ್ತಿದ್ದರು. ಅವರನ್ನು ನೋಡಲಾಗದೆ ಚಂದ್ರಮೋಹನ್, "ಒಂದು ರೌಂಡ್ ಓಡಿಸಿ ನೋಡಿ" ಎಂದು ಬೀಗದ ಕೈ ಕೊಟ್ಟರು.

ಗಾಡಿ ಗುರ್ರೆಂದಾಗ ಭಾವನ ಮುಖ ನೋಡಬೇಕಿತ್ತು. ಅನುಮಾನವಿಲ್ಲದ ಆ ಮುಖವನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಆಟೋದವನೊಬ್ಬ ಪಕ್ಕಕ್ಕೆ ಬಂದು, "ಏಂ ಬಂಡಿ ಅನ್ನಾ ಇದಿ?" ಎಂದು ತೆಲುಗಿನಲ್ಲಿ ಯಾವ ಗಾಡಿ ಎಂದು ವಿಚಾರಿಸಿದ. ಭಾವ ಎದೆಯುಬ್ಬಿಸಿ ಕಂಪನಿಯ ಹೆಸರು ಹೇಳಿದರು. ಅವನು ಹಿಂದಕ್ಕೆ ಬಗ್ಗಿ ನೋಡಿ, "ಪೇರೇ ಲೇದು ಕದನ್ನಾ, ಡೂಪ್ಲಿಕೇಟಾ?" ಎಂದು ನಗುತ್ತಾ ಹೋದ. ಹೆಸರೇ ಇಲ್ಲದ ಮೇಲೆ ಅವನಿಗೆ ಅದು ನಕಲಿ.

ಭಾವ ಗಾಡಿಯನ್ನು ಬದಿಗೆ ನಿಲ್ಲಿಸಿದರು.

"ಅವನಿಗೇನ್ ಗೊತ್ತು ಭಾವ? ಒರಿಜಿನಲ್ ಅಂತ ನಿಮಗೆ ಗೊತ್ತಲ್ಲ. ತಗೊಂಡ್ಬಿಡಿ" ಎಂದೆ. ಅಷ್ಟು ದಿನ ಬೈದುಕೊಂಡು ತಿರುಗಿದ ನನಗೂ, ಅವರು ಕೊಂಡರೆ ಸಾಕಪ್ಪ ಎನ್ನಿಸಿಬಿಟ್ಟಿತ್ತು.

"ಅವನ್ ಹೋಗ್ಲಿ ಕಣೋ" ಎಂದರು ಸ್ಟೇರಿಂಗ್ ಸವರುತ್ತಾ. "ಬೇರೆ ಯಾರಾದ್ರೂ ಇಂಥ ಗಾಡಿ ತಂದು ಡೇರಿ ಮುಂದೆ ನಿಲ್ಲಿಸಿ ಒರಿಜಿನಲ್ ಅಂದಿದ್ರೆ, ನಾನು ನಂಬ್ತಿದ್ನಾ?"

"ಇಲ್ಲ ಭಾವ" ಎಂದೆ.

ಬೀಗದ ಕೈ ವಾಪಸ್ ಕೊಟ್ಟು ಊರಿಗೆ ಬಂದೆವು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದಿದ್ದಳು. ನಮ್ಮ ಹಿಂದಿನ ರಸ್ತೆಯ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಮನೆ ಸೀರೆ ಉಟ್ಟುಕೊಂಡು ಬಂದು, "ನಾಳೆ ಹಸು ನೋಡಕ್ಕೆ ಹೋಗೋಣ" ಎಂದಳು.