ಒಬ್ಬಳೇ ಬಂದವಳಿಗೆ ಚಪ್ಪಾಳೆ

ಇವತ್ತು ಬೆಳಿಗ್ಗೆ ಯಲಹಂಕದ ನಮ್ಮ ಬೀದಿಯ ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿ ಉದುರಿಸಿ ಓಟದ ಗೆರೆ ಎಳೆಯುತ್ತಿದ್ದರು. ಆ ಒಣ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ವಾಕಿಂಗ್ ಹೊರಟವನು ಕಾಂಪೌಂಡಿಗೆ ಒರಗಿ ನಿಂತುಬಿಟ್ಟೆ. ನಿಲ್ಲಲು ನೆಪ ಸಿಕ್ಕರೆ ನಾನು ಬಿಡುವವನಲ್ಲ ಎಂದು ಹೆಂಡತಿ ಹೇಳುತ್ತಾಳೆ; ಇರಲಿ. ನನಗೆ ನೆನಪಾದದ್ದು ಜಯತ್ತೆ.

ಜಯತ್ತೆ ನನ್ನ ಅಪ್ಪನ ತಂಗಿ, ಚಿಕ್ಕಜಾಲದವರು. ಮಾವ ಇದ್ದಾಗ ನೆಂಟರ ಯಾವುದೇ ಮದುವೆಗೂ ಎಲ್ಲರಿಗಿಂತ ಮೊದಲೇ ಹೋಗಿ, ಅಡುಗೆಯವರಿಗೂ ಬುದ್ಧಿ ಹೇಳಿ ಬರುತ್ತಿದ್ದ ಹೆಂಗಸು. ಮಾವ ತೀರಿಕೊಂಡ ಮೇಲೆ ಎಲ್ಲಿಗೂ ಹೋಗುವುದನ್ನೇ ಬಿಟ್ಟರು. ಯಾರೂ ಬೇಡ ಎಂದಿರಲಿಲ್ಲ. "ನಾನ್ ಮದ್ವೆಗ್ ಓದ್ರೆ ಎಲ್ರೂ ಮಾತ್ ನಿಲ್ಲಿಸ್ಬುಡ್ತಾರೆ ಕಣಪ್ಪ. ಅವ್ರ ಸಂತೋಸ ಯಾಕ್ ಕೆಡಿಸ್ಲಿ?" ಎನ್ನುತ್ತಿದ್ದರು. ಮಗ, ಸೊಸೆ ಕರೆದು ಕರೆದು ಸೋತಿದ್ದರು.

ಆಗಲೇ ನಗರದ ಕ್ರೀಡಾಂಗಣದಲ್ಲಿ ಹಲವು ದೇಶಗಳ ಓಟಗಾರರ ಕೂಟವೊಂದು ಏರ್ಪಾಡಾಯಿತು. ಮತ್ತಿಕೆರೆಯ ಹತ್ತಿರ ಕಾಲೇಜು ಓದುತ್ತಿದ್ದ ನನ್ನ ಮಗಳು ಸಹನಾ, ಉದ್ಘಾಟನೆಯ ದಿನ ಒಂದು ದೇಶದ ಹೆಸರಿನ ಫಲಕ ಹಿಡಿದು ಆ ತಂಡದ ಮುಂದೆ ನಡೆಯಲು ಆಯ್ಕೆಯಾದಳು. ಜಯತ್ತೆಗೆ ಅವಳೇ ಫೋನ್ ಮಾಡಿದಳು. ಅಲ್ಲಿ ನಿಮ್ಮ ಗುರುತು ಯಾರಿಗೂ ಇರಲ್ಲ ಅಜ್ಜಿ, ಬನ್ನಿ ಎಂದಳಂತೆ. ಅಷ್ಟಕ್ಕೇ ಅತ್ತೆ ಒಪ್ಪಿಬಿಟ್ಟರು. ತಿಂಗಳುಗಟ್ಟಲೆ ನಾನು ಮಾಡಿದ ಉಪದೇಶವೆಲ್ಲ ದಂಡವಾಯಿತಲ್ಲ ಎಂದು ನನಗೆ ಕೊಂಚ ಬೇಜಾರಾಯಿತು ಎಂಬುದನ್ನು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ.

ಆ ದಿನ ಭಾಷಣಗಳು ಮುಗಿಯುವ ಹೊತ್ತಿಗೆ ಗ್ಯಾಲರಿಯಲ್ಲಿ ನನ್ನ ಪಕ್ಕ ಕೂತಿದ್ದ ಅತ್ತೆ ತೂಕಡಿಸುತ್ತಿದ್ದರು. ಕೊನೆಗೂ ಬ್ಯಾಂಡು ಮೊಳಗಿತು; ತಂಡಗಳು ಒಂದೊಂದಾಗಿ ಬಂದವು. ಫಲಕ ಹಿಡಿದ ಹುಡುಗಿಯರೆಲ್ಲ ಒಂದೇ ಬಣ್ಣದ ಸೀರೆ ಉಟ್ಟಿದ್ದರಿಂದ ನಾನು ಯಾರದೋ ಮಗಳಿಗೆ ಮೈಮರೆತು ಕೈಬೀಸಿದೆ. ಪಾಪ, ಅವಳು ನಕ್ಕಳು.

ದೊಡ್ಡ ತಂಡಗಳಿಗೆ ಕೂಗಿ ಕೂಗಿ ದಣಿದ ಜನ ತಮ್ಮ ತಮ್ಮ ಫೋನುಗಳ ಕಡೆ ತಿರುಗಿದ್ದಾಗ ಸಹನಾ ಬಂದಳು. ಅವಳ ಫಲಕದಲ್ಲಿದ್ದದ್ದು ಸಮುದ್ರದ ನಡುವಿನ ಯಾವುದೋ ಪುಟ್ಟ ದ್ವೀಪದ ಹೆಸರು. ಅವಳ ಹಿಂದೆ ತಂಡವೇ ಇರಲಿಲ್ಲ. ಬಾವುಟ ಹಿಡಿದ ಒಬ್ಬಳೇ ಹುಡುಗಿ. ಗಾಳಿಗೆ ಬಾವುಟ ಮುಖಕ್ಕೆ ಸುತ್ತಿಕೊಂಡು ಅವಳು ತಡವರಿಸಿ ನಿಂತಳು. ಯಾರೋ ಕಿಸಕ್ಕನೆ ನಕ್ಕರು.

ನೋಡಿದರೆ, ಅತ್ತೆ ಎದ್ದು ನಿಂತಿದ್ದಾರೆ. "ಒಬ್ಳೇ ಬಂದವ್ಳೆ ಕಣೋ" ಎಂದವರೇ ಜೋರಾಗಿ ಚಪ್ಪಾಳೆ ತಟ್ಟತೊಡಗಿದರು. ಕೂತುಕೊಳ್ಳಿ ಅತ್ತೆ ಎಂದು ನಾನು ಗೊಣಗಿದೆ. ಹಿಂದಿನ ಸಾಲಿನ ಗಂಡಸೊಬ್ಬರು ಕಾಣಿಸುತ್ತಿಲ್ಲ ಎಂದು ಸಿಡುಕಿದರು. ಅತ್ತೆ ತಿರುಗಿ ಮೆತ್ತಗೆ, "ನೀನೂ ಎದ್ದೇಳಪ್ಪ, ಕಾಣ್ತದೆ" ಎಂದರು.

ಆತ ಎದ್ದರು. ಅವರ ಹೆಂಡತಿಯೂ ಎದ್ದರು. ನನಗೂ ಬೇರೆ ದಾರಿಯಿರಲಿಲ್ಲ. ನೋಡನೋಡುತ್ತಿದ್ದಂತೆ ನಮ್ಮ ಕಡೆಯ ಗ್ಯಾಲರಿಯೇ ಎದ್ದು ಚಪ್ಪಾಳೆ ತಟ್ಟುತ್ತಿತ್ತು. ಹುಡುಗಿ ಬಾವುಟ ಬಿಡಿಸಿಕೊಂಡು ನಮ್ಮತ್ತ ನೋಡಿ ಕೈಯೆತ್ತಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದಳು.

ವಾಪಸ್ಸು ಬರುವಾಗ ಬಸ್ಸು ಹೆಬ್ಬಾಳ ದಾಟಿತು. ಅತ್ತೆ ಕಿಟಕಿಯ ಕಡೆ ನೋಡುತ್ತಲೇ, "ಅಷ್ಟ್ ಜನದ್ ಮುಂದೆ ಎಂಗ್ ನಡೆದ್ಳು ನೋಡು" ಎಂದರು.

ಆ ಹುಡುಗಿ ಓಟದಲ್ಲಿ ಕೊನೆಯವಳಾಗಿ ಬಂದಳೆಂದು ಸಹನಾ ಆಮೇಲೆ ತಿಳಿಸಿದಾಗ, ಓಟ ಮುಗಿಸಿದಳು ತಾನೆ ಎಂದಷ್ಟೇ ಕೇಳಿದರು. ಸ್ವಲ್ಪ ದಿನದಲ್ಲೇ ನೆಂಟರ ಮದುವೆಯೊಂದಕ್ಕೆ ತಾವಾಗಿಯೇ ಹೊರಟರು. ಅವರು ಒಳಗೆ ಕಾಲಿಟ್ಟಾಗ ಎಲ್ಲರ ಮಾತೂ ನಿಂತದ್ದು ನಿಜವೇ. ಅತ್ತೆಯೇ ಮೊದಲು ಬಾಯಿ ತೆರೆದು, ಸಾರಿಗೆ ಉಪ್ಪು ಸರಿಯಾಗಿದೆಯೋ ಇಲ್ಲವೋ ನೋಡಿದ್ದೀರಾ ಎಂದು ವಿಚಾರಿಸಿದರಂತೆ.

ಇವತ್ತು ಮಧ್ಯಾಹ್ನ ಆರ್.ಟಿ. ನಗರದಲ್ಲಿ ಒಂದು ನಾಮಕರಣ. ಈಚೆಗೆ ಗಂಡನನ್ನು ಕಳೆದುಕೊಂಡ ಸಂಬಂಧಿಕ ಹೆಂಗಸೊಬ್ಬರು ಬಾಗಿಲ ಬಳಿಯೇ ಗೋಡೆ ಹಿಡಿದು ನಿಂತಿದ್ದರು. ಎಲ್ಲರೂ ಅವರನ್ನು ನೋಡಿದೆವು; ನೋಡಿ ಸುಮ್ಮನಾದೆವು. ಮಂಡಿನೋವೆಂದು ಜಯತ್ತೆ ಬಂದಿರಲಿಲ್ಲ. ನಾನು ಸ್ವಲ್ಪ ಹೊತ್ತು ಅತ್ತಿತ್ತ ನೋಡಿದೆ. ಆಮೇಲೆ ಎದ್ದು ಹೋಗಿ, "ಬನ್ನಿ ಅಕ್ಕ, ಮಗು ಎದ್ದಿದೆ" ಎಂದೆ.

ಅವರು ನನ್ನ ಜೊತೆ ತೊಟ್ಟಿಲ ತನಕ ನಡೆದು ಬಂದರು. ಬಗ್ಗಿ ಮಗುವಿಗೆ ಬೆರಳು ಕೊಟ್ಟರು. ಅದು ಗಟ್ಟಿಯಾಗಿ ಹಿಡಿದುಕೊಂಡಿತು, ಬಿಡಲೇ ಇಲ್ಲ.