ತಪ್ಪನ್ನು ಏಡಿಯ ಮೇಲೆ ಹಾಕದ ಬೊಮ್ಮಯ್ಯ

ಬೆಳಗಿನ ಐದೂವರೆ. ಕುಮಟೆಯ ಅಘನಾಶಿನಿ ಹಿನ್ನೀರಿನಲ್ಲಿ ಸೊಂಟಮಟ್ಟ ನಿಂತು ಬೊಮ್ಮಯ್ಯ ಗೌಡರು ಒಂದು ಮರದ ಹಲಗೆಗೆ ಬೈಯುತ್ತಿದ್ದಾರೆ. “ಇಳಿಯೇ ಮಾರಾಯ್ತಿ! ದಿನಾ ನಿಂದೊಂದು ಗೋಳು!” ಮಳೆಗೆ ಉಬ್ಬಿದ ಹಲಗೆ ತೂಬಿನ ಕಂಬದಲ್ಲಿ ಸಿಕ್ಕಿಕೊಂಡಿದೆ. ಹೊರಗೆ ಸಮುದ್ರದ ನೀರು ಏರುತ್ತಿದೆ. ಒಳಗೆ, ಮಣ್ಣಿನ ಕಟ್ಟೆಯ ಆಚೆ, ನಲವತ್ತು ಎಕರೆ ಗಜನಿಯಲ್ಲಿ, ಅಂದರೆ ಹಿನ್ನೀರಿನಂಚಿನ ತಗ್ಗು ಗದ್ದೆಯಲ್ಲಿ, ಕಗ್ಗ ಭತ್ತ ತೆನೆ ಹೊತ್ತಿದೆ. ಕಾಲಿನಿಂದ ಎರಡು ಸಲ ಒದ್ದ ಮೇಲೆ ಹಲಗೆ ಇಳಿಯುತ್ತದೆ.

ಐವತ್ತೆಂಟರ ಬೊಮ್ಮಯ್ಯನವರದು ಈ ತೂಬು ಕಾಯುವ ಕೆಲಸ. ನೀರು ಏರುವಾಗ ಐದು ಹಲಗೆ ಹಾಕಬೇಕು, ಇಳಿಯುವಾಗ ತೆಗೆದು ಮಳೆನೀರು ಹೊರಗೆ ಬಿಡಬೇಕು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನಾ ಮುಕ್ಕಾಲು ಗಂಟೆ ಮುಂದಕ್ಕೆ ಜಾರುತ್ತದೆ, ಹಾಗಾಗಿ ಇಂಥ ಹೊತ್ತಿಗೆ ನಿದ್ದೆ, ಇಂಥ ಹೊತ್ತಿಗೆ ಊಟ ಎಂಬುದಿಲ್ಲ. ಕಗ್ಗ ಉಪ್ಪು ತಡೆಯುವ ಭತ್ತ ನಿಜ. ಆದರೆ ಹಾಲುಗಟ್ಟುವಾಗ ಉಪ್ಪುನೀರು ನಿಂತರೆ ಅದೂ ಜೊಳ್ಳು. ಹದಿನಾಲ್ಕು ವರ್ಷದಲ್ಲಿ ಅವರು ರಜೆ ಹಾಕಿದ್ದು ಮಗಳ ಮದುವೆಗೆ ಮಾತ್ರ, ಅದೂ ಅರ್ಧ ದಿನ.

ಇಂಥ ಮನುಷ್ಯನನ್ನು ಊರು ಕೇಳುವ ಪ್ರಶ್ನೆ ಒಂದೇ. ದೇವರಿಲ್ಲ ಅನ್ನುವವನು ಯಾರಿಗೆ ಹೆದರಿ ಹಲಗೆ ಹಾಕುತ್ತಾನೆ? ಕೇಳಿ ಕೇಳಿ ಅವರ ತಲೆ ಚಿಟ್ಟು ಹಿಡಿದಿದೆ. “ಹೆದರೂದು ಎಂತಕ್ಕೆ ಮಾರಾಯ್ರೆ? ಕೆಳಗೆ ಗದ್ದೆ ಅದೆ. ಗದ್ದೆಯೋರ ಮನೇಲಿ ಉಣ್ಣೋರು ಅವ್ರೆ. ಅಷ್ಟು ಸಾಲ್ದಾ? ಮೇಲಿಂದ ಬೇರೆ ಒಬ್ರು ಬಂದು ಹೇಳ್ಬೇಕಾ?”

ಅವರಿಗೆ ನಂಬಿಕೆ ಹೋದದ್ದು ಇದೇ ಕಟ್ಟೆ ಒಡೆದ ವರ್ಷ. ಊರವರು ಕಟ್ಟೆಯ ಮೇಲಿನ ಕಾವಲು ದೈವ ಜಟಗನ ಕಲ್ಲಿಗೆ ಕಾಯಿ ಒಡೆದು, ಅಪ್ಪಣೆಗೆ ಕಾದು ನಿಂತರು. ನೀರು ಕಾಯಲಿಲ್ಲ. ಆಗ ಇನ್ನೂ ಕೂಲಿಯಾಳಾಗಿದ್ದ ಬೊಮ್ಮಯ್ಯ ಒಬ್ಬರೇ ಮಣ್ಣು ಹೊತ್ತರು. ಕಟ್ಟೆ ನಿಂತ ಮೇಲೆ ಎಲ್ಲರೂ ಕೈಮುಗಿದದ್ದು ಜಟಗನಿಗೆ!

ಆದರೆ ಚೌತಿ ಕಳೆದ ವಾರ ಅವರೇ ಎಡವಿದರು. ಗಜನಿ ಸಮಿತಿಯ ಅಧ್ಯಕ್ಷ, ನಿವೃತ್ತ ಶಿಕ್ಷಕ ತ್ರ್ಯಂಬಕ ಮಾಸ್ತರರು ಮಧ್ಯಾಹ್ನ ಚಾದಂಗಡಿಯಲ್ಲಿ ಕೆಣಕಿದರು: “ದೇವರ ಭಯ ಇಲ್ದೇ ಇದ್ರೆ ನೀತಿ ಎಲ್ಲಿಂದ ಬರ್ತದೆ, ಹೇಳು ನೋಡ್ವ.” ಬೊಮ್ಮಯ್ಯ ಹೇಳಿದರು. ಒಂದು ಚಾ ಆಯಿತು, ಎರಡಾಯಿತು. ಮಾಸ್ತರರ ಬಾಯಿ ಮುಚ್ಚಿಸಿ, ವಾದ ಗೆದ್ದ ಹುರುಪಿನಲ್ಲಿ ಕಟ್ಟೆಗೆ ಬಂದರೆ ತೂಬು ಬಾಯಿ ತೆರೆದುಕೊಂಡಿದೆ. ಎಲ್ಲಕ್ಕಿಂತ ತಗ್ಗಿನಲ್ಲಿರುವ ಗಂಗಿಯ ಗದ್ದೆಯಲ್ಲಿ ಉಪ್ಪುನೀರು ಮೊಣಕಾಲುದ್ದ ನಿಂತಿದೆ. ನೀತಿಯ ಬಗ್ಗೆ ಮಾತಾಡುತ್ತ ನೀತಿಯ ಕೆಲಸ ಮರೆತದ್ದು! “ನನ್ನ ಕೆನ್ನೆಗೆ ನಾನೇ ಹೊಡ್ಕಂಡೆ,” ಎನ್ನುತ್ತಾರೆ.

ಯಾರೂ ನೋಡಿರಲಿಲ್ಲ. ಏಡಿ ಕಟ್ಟೆಗೆ ತೂತು ಕೊರೆದು ನೀರು ನುಗ್ಗಿತು ಎಂದಿದ್ದರೆ ಮುಗಿಯುತ್ತಿತ್ತು. ಹಿಂದಿನ ಕಾವಲುಗಾರರೆಲ್ಲ ಹೇಳುತ್ತಿದ್ದದ್ದೂ ಅದನ್ನೇ. ಮರುದಿನ ಬೆಳಗಾಗುತ್ತಲೇ ಬೊಮ್ಮಯ್ಯ ಗಂಗಿಯ ಅಂಗಳದಲ್ಲಿ ನಿಂತರು. “ಗಂಗಕ್ಕ, ಚಾದಂಗಡೀಲಿ ಮಾತಾಡ್ತಾ ಹಲಗೆ ಹಾಕೂಕೆ ಮರ್ತೆ. ತಪ್ಪು ನಂದು. ನಿಂಗೆ ಎಷ್ಟು ಜೊಳ್ಳಾಗ್ತದೋ ಅಷ್ಟು ಭತ್ತ ನನ್ನ ಗದ್ದೆಯಿಂದ ತಂದು ಹಾಕ್ತೆ.”

ಗಂಡನಿಲ್ಲದ ಗಂಗಿಗೆ ಆ ತುಂಡು ಗದ್ದೆಯೇ ವರ್ಷದ ಗಂಜಿ. ಅಂಗಳ ಗುಡಿಸುತ್ತಿದ್ದ ಹಿಡಿಯನ್ನೇ ಬೀಸಿದಳು. “ಕಣ್ಣು ಎಲ್ಲಿ ಇಟ್ಕಂಡಿದ್ದೆಯೋ? ಚಾ ಕುಡೀತಾ ನನ್ನ ಅನ್ನ ಮುಳುಗಿಸ್ದೆಯಲ್ಲೋ!” ಬೊಮ್ಮಯ್ಯ ಅಲ್ಲಾಡಲಿಲ್ಲ. ಬೈಸಿಕೊಳ್ಳುವುದು ಬಾಕಿ ಇತ್ತು, ಬೈಸಿಕೊಂಡರು.

ಭಾನುವಾರ ಸಮಿತಿ ಸೇರಿತು. ಇನ್ನು ಮುಂದೆ ತಪ್ಪುವುದಿಲ್ಲ ಎಂದು ಜಟಗನ ಕಲ್ಲು ಮುಟ್ಟಿ ಆಣೆ ಮಾಡಬೇಕು, ಇಲ್ಲದಿದ್ದರೆ ತೂಬು ಬಿಡಬೇಕು ಎಂದರು ಮಾಸ್ತರರು. ಹದಿನಾಲ್ಕು ವರ್ಷದ ಕೆಲಸ ಒಂದು ಕಲ್ಲಿಗೆ ಬಂದು ನಿಂತಿತು. ಮುಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಮನೆಯಾಕೆ ಈಗಲೂ ಗೊಣಗುತ್ತಾಳೆ. “ಸುಳ್ಳು ಆಣೆ ಮಾಡಿ ಖರೇ ಮನುಷ್ಯ ಆಗೂದು ಹೆಂಗೆ ಮಾಸ್ತರೆ?” ಎಂದರು ಬೊಮ್ಮಯ್ಯ. “ನಂಬದ ಕಲ್ಲು ಮುಟ್ಟಿದ್ರೆ ಅಲ್ಲೇ ಮೊದಲ್ನೇ ಸುಳ್ಳು ಆತು.”

ಸಭೆ ಗುಸುಗುಸು ಎಂದಿತು. ಆಗ ಹಿಂದಿನ ಸಾಲಿನಿಂದ ಎದ್ದವಳು ಗಂಗಿ. “ಇವನಿಗಿಂತ ಮುಂಚೆ ತೂಬು ಕಾದೋರೆಲ್ಲಾ ಆಣೆ ಮಾಡಿದ್ರು. ನನ್ನ ಗದ್ದೆ ಮುಳುಗ್ದಾಗೆಲ್ಲಾ ಏಡಿ ಮೇಲೆ ಹಾಕಿದ್ರು. ಮನೆ ಬಾಗ್ಲಿಗೆ ಬಂದು ನಂದೇ ತಪ್ಪು ಅಂದವ ಇವ ಒಬ್ಬ. ನೀರಲ್ಲಿ ಮುಳುಗಿದ್ದು ನನ್ನ ಗದ್ದೆ, ನಿಮ್ದಲ್ಲ. ಇವನೇ ಇರ್ಲಿ.”

ಮಾಸ್ತರರು ಕನ್ನಡಕ ಒರೆಸಿಕೊಂಡು “ಆತು” ಎಂದರು. ಗಂಗಿ ಕುಳಿತುಕೊಳ್ಳುತ್ತ ಪಕ್ಕದವಳಿಗೆ ಹೇಳಿದ್ದು ಬೊಮ್ಮಯ್ಯನವರ ಕಿವಿಗೆ ಬಿತ್ತು: “ಎಲ್ಲಾ ಜಟಗನೇ ಅವನ ಬಾಯಲ್ಲಿ ಹೇಳ್ಸಿದ್ದು, ಪಾಪ. ಅವನಿಗೆ ಗೊತ್ತಾಗೂದಿಲ್ಲ.”

ಅದನ್ನು ನೆನೆದರೆ ಬೊಮ್ಮಯ್ಯ ಈಗಲೂ ಹಣೆ ಹಣೆ ಬಡಿದುಕೊಳ್ಳುತ್ತಾರೆ. ಕೊನೆಯ ಹಲಗೆಯ ಸಂದಿಗೆ ಕೆಸರು ಮೆತ್ತಿ, ದಂಡೆಗೆ ಹತ್ತಿ ಪಂಚೆ ಹಿಂಡುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಸಂಬಳ ಕೇಳುವುದಿಲ್ಲ, ಸನ್ಮಾನ ಕೇಳುವುದಿಲ್ಲ.

“ಪೇಪರಲ್ಲಿ ಒಂದು ಬರೀರಿ, ಸಾಕು. ಮರ್ತದ್ದು ಬೊಮ್ಮಯ್ಯ. ಹೇಳಿದ್ದೂ ಬೊಮ್ಮಯ್ಯನೇ.”